ಇಲ್ಲಿಲ್ಲ, ಆದರೆ ನಮ್ಮವನು

ಟೊಟಾರಾ ಫ್ಲಾಟ್, ಒಟಾಗೊ, ನ್ಯೂಜಿಲೆಂಡ್
೪ ಮಾರ್ಚ್ ೧೮೮೧

ಪ್ರಿಯ ವೈಬ್ರೋ,

ಕ್ರಿಸ್‌ಮಸ್ಸಿಗೊಂದು, ನಿನ್ನ ಹುಟ್ಟುಹಬ್ಬಕ್ಕೊಂದು ಅಂತ ವರ್ಷಕ್ಕೆ ಎರಡೇ ಕಾಗದ ಬರೆಯುವವನು ಮಾರ್ಚಿನಲ್ಲಿ ಬರೆದಿದ್ದೇನೆ ಅಂದರೆ ಏನೋ ಕೇಳುವುದಿದೆ ಅಂತ ನಿನಗೆ ಹೊಳೆದಿರುತ್ತದೆ. ಹೌದು, ಕೇಳುವುದಿದೆ.

ಎರಡು ತಿಂಗಳು ಹಳಸಿ ಇಲ್ಲಿಗೆ ಬರುವ ಪತ್ರಿಕೆಯಲ್ಲಿ ಓದಿದೆ. ಆಕ್ಸ್‌ಫರ್ಡಿನಲ್ಲಿ ನಾವು ಇದ್ದು ಓದಿದ ಸೇಂಟ್ ಆಸಿತ್ ಹಾಲ್‌ಗೂ ಹೊಸ ಕಟ್ಟಳೆ ಬರುತ್ತದಂತೆ. ಈಗಿರುವ ಪ್ರಿನ್ಸಿಪಾಲರು ತೀರಿಕೊಂಡರೆ, ಇಲ್ಲವೇ ಕುರ್ಚಿ ಬಿಟ್ಟರೆ, ಅಲ್ಲಿಗೆ ಹಾಲ್ ಮುಗಿಯಿತು, ಪಕ್ಕದ ಕಾಲೇಜು ಅದನ್ನು ನುಂಗಿಕೊಳ್ಳುತ್ತದೆ. ಆ ದಿನ ಹಾಲ್‌ನ ಹೆಸರಿನ ಪುಸ್ತಕದಲ್ಲಿ ಇದ್ದವರು ಕಾಲೇಜಿನವರಾಗುತ್ತಾರೆ. ಹೆಸರಿಗೆ ಗೀಟು ಬಿದ್ದವರು ಎಲ್ಲಿಯವರೂ ಅಲ್ಲ.

ನನ್ನ ಹೆಸರಿಗೆ ಗೀಟು ಯಾಕೆ ಬಿತ್ತು ಅನ್ನುವುದು ಗೊತ್ತಿರುವುದು ನಮ್ಮಿಬ್ಬರಿಗೇ. ಆದರೂ ಒಂದು ಸಲ ಬರೆಯುತ್ತೇನೆ, ಇಷ್ಟು ವರ್ಷ ಬರೆಯದೆ ಬರೆಯದೆ ನನಗೇ ಅದು ಯಾರದೋ ಕಥೆ ಅನ್ನಿಸತೊಡಗಿದೆ. ದೋಣಿ ಪಂದ್ಯದ ಮಧ್ಯಾಹ್ನ, ನಾನು ನದಿ ದಂಡೆಯಲ್ಲಿದ್ದೆ. ನೀನು ಪ್ರಿನ್ಸಿಪಾಲ್ ಥೋರಲ್ಡ್ ಅವರ ಓಕ್ ಬಾಗಿಲಿಗೆ ಹೊರಗಿನಿಂದ ಎಂಟು ತಿರುಪುಮೊಳೆ ಬಿಗಿದೆ, ಆಬಿಂಗ್ಡನ್ನಿನಲ್ಲಿ ನಿಮ್ಮಪ್ಪನ ಮರಗೆಲಸದ ಅಂಗಡಿಯಿಂದ ತಂದ ಹಿತ್ತಾಳೆಯವು. ಎಲ್ಲ ಹಾಲ್‌ನಲ್ಲೂ ಹುಡುಗರು ಮಾಡುವ ತಮಾಷೆ. ಅವತ್ತೇ ಆಬಿಂಗ್ಡನ್ನಿನಿಂದ ಅವರ ತಮ್ಮ ಕೊನೆಯುಸಿರಲ್ಲಿದ್ದಾನೆ ಅಂತ ಚೀಟಿ ಬಂತು. ಚೀಟಿ ಬಾಗಿಲ ಸಂದಿಯಲ್ಲಿ ಒಳಗೆ ಹೋಯಿತು, ಅವರಿಗೆ ಹೊರಗೆ ಬರಲಾಗಲಿಲ್ಲ. ಪಂದ್ಯ ನೋಡಲು ನದಿಗೆ ಹೋಗಿದ್ದ ಬಡಗಿಯನ್ನು ಹುಡುಕಿ ತರುವಷ್ಟರಲ್ಲಿ ಮೂರು ಗಂಟೆ ಆಯಿತು. ತಮ್ಮ ಹೋಗಿಬಿಟ್ಟಿದ್ದ.

ನಿನಗೆ ಮೊದಲ ದರ್ಜೆ ಖಾತ್ರಿ, ನನಗೆ ಪಾಸಾದರೆ ಪುಣ್ಯ. ನಾನೇ ಮಾಡಿದ್ದು ಅಂತ ಹೇಳಿದೆ, ಅವರು ನನ್ನ ಹೆಸರಿಗೆ ಗೀಟೆಳೆದು ಹೊರಗೆ ಹಾಕಿದರು. ಪರೀಕ್ಷೆ ಬರೆದಾಗಿತ್ತು, ಡಿಗ್ರಿ ಕೊಡುವ ದಿನಕ್ಕೆ ಮೂರು ವಾರವಿತ್ತು. ರೈಲು ಹತ್ತಿಸಲು ಬಂದಾಗ ನೀನು ಅಳುತ್ತ ಏನಂದೆ, ನೆನಪಿದೆಯಾ? "ನಾನೊಬ್ಬ ಮನುಷ್ಯ ಅಂತ ಆದ ದಿನ ನಿಜ ಹೇಳಿಬಿಡ್ತೀನಿ ಕಣೋ, ದೇವರಾಣೆ." ಈಗ ನೀನು ವೈಸ್ ಪ್ರಿನ್ಸಿಪಾಲ್ ಆಗಿ ಒಂಬತ್ತು ವರ್ಷ. ಇದಕ್ಕಿಂತ ಮನುಷ್ಯ ಆಗುವುದು ಇನ್ನೇನಿದೆ ಮಾರಾಯ?

ಇಲ್ಲಿ ನಮ್ಮ ಶಾಲೆಯ ಆಡಳಿತದವರು ಹೊಸ ನಿಯಮ ಮಾಡಿದ್ದಾರೆ. ಮುಂದಿನ ವರ್ಷದ ಅಕ್ಟೋಬರ್ ಒಳಗೆ ಡಿಗ್ರಿ ತೋರಿಸದಿದ್ದರೆ ನಾನು ಮುಖ್ಯೋಪಾಧ್ಯಾಯನಲ್ಲ. ಹದಿನಾಲ್ಕು ವರ್ಷ ನಾನೇ ಕಟ್ಟಿದ ಶಾಲೆ ಅದು. ಆ ಪರೀಕ್ಷೆ ಪಾಸಾಗಿದ್ದೇನೆ, ಪ್ರಿನ್ಸಿಪಾಲರು ನನ್ನ ಹೆಸರನ್ನು ಮತ್ತೆ ಬರೆದರೆ ಡಿಗ್ರಿ ತಾನಾಗಿ ಬರುತ್ತದೆ. ಅವರು ಬರೆಯಬೇಕಾದರೆ ನೀನು ಬಾಯಿ ಬಿಡಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಬರೆದ ಎರಡು ಕಾಗದಗಳನ್ನು ಅವರು ಒಡೆಯದೆ ವಾಪಸು ಕಳಿಸಿದ್ದರು.

ಡಿಗ್ರಿ ಮಾತ್ರ ಅಲ್ಲ ವೈಬ್ರೋ. ನಮ್ಮ ಹಾಲ್‌ಗೆ ಆಸ್ತಿಯಿಲ್ಲ, ಬೆಳ್ಳಿ ತಟ್ಟೆಯಿಲ್ಲ, ಇದ್ದದ್ದು ಹೆಸರುಗಳು ಮಾತ್ರ. ಊಟಕ್ಕೆ ಮುಂಚೆ ಅಷ್ಟೂ ಹೆಸರು ಕರೆದು ಮುಗಿಸುವಷ್ಟರಲ್ಲಿ ಬಾರ್ಲಿ ಸೂಪು ಆರಿ ಹೋಗುತ್ತಿತ್ತಲ್ಲ. ಊರಲ್ಲಿಲ್ಲದವನ ಹೆಸರು ಬಂದಾಗ ಬೆಂಚಿನಲ್ಲಿ ಅವನ ಪಕ್ಕದಲ್ಲಿ ಕೂರುತ್ತಿದ್ದವನು ಎದ್ದು "ಇಲ್ಲಿಲ್ಲ, ಆದರೆ ನಮ್ಮವನು" ಅನ್ನುತ್ತಿದ್ದ. ನನ್ನ ಪಕ್ಕ ಕೂರುತ್ತಿದ್ದವನು ನೀನು. ಇಪ್ಪತ್ತು ವರ್ಷದಿಂದ ಆ ಮಾತು ಹೇಳುವ ತೊಂದರೆ ನಿನಗೆ ಬಂದಿಲ್ಲ.

ನಿನ್ನ
ಪೆನ್‌ರೀಸ್

*

ಸೇಂಟ್ ಆಸಿತ್ ಹಾಲ್, ಆಕ್ಸ್‌ಫರ್ಡ್
೨ ಜೂನ್ ೧೮೮೧

ನನ್ನ ಆತ್ಮೀಯ ಪೆನ್‌ರೀಸ್,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನೀನು ನೆನಪಿಸಬೇಕೇ? ಆ ಬಾಗಿಲ ಮುಂದೆ ದಿನಕ್ಕೆ ನಾಲ್ಕು ಸಲ ಹಾದುಹೋಗುವವನು ನಾನು. ಎಂಟು ತೂತುಗಳಿಗೆ ಮೇಣ ತುಂಬಿದ್ದಾರೆ, ಆದರೂ ಕಾಣುತ್ತವೆ.

ಹೇಳುತ್ತೇನೆ. ಖಂಡಿತ ಹೇಳುತ್ತೇನೆ. ಆದರೆ ಪ್ರಿನ್ಸಿಪಾಲರಿಗೆ ಎಪ್ಪತ್ತಾರು, ಎದೆ ಸರಿಯಿಲ್ಲ. ಚಳಿಗಾಲದಲ್ಲಿ ಎರಡು ಸಲ ಮಲಗಿದರು. ಈಗ ಹೇಳಿ ಅವರಿಗೇನಾದರೂ ಆಗಿಬಿಟ್ಟರೆ ಹಾಲೂ ಹೋಯಿತು, ನಿನ್ನ ಹೆಸರೂ ಹೋಯಿತು. ಸ್ವಲ್ಪ ಚೇತರಿಸಿಕೊಳ್ಳಲಿ. ಅಕ್ಟೋಬರಿನಲ್ಲಿ ಹೊಸ ಅವಧಿ ಶುರುವಾದಾಗ ಅವರ ಮನಸ್ಸೂ ಹಗುರಾಗಿರುತ್ತದೆ. ಆಗ ಹದವಾಗಿ ಎತ್ತುತ್ತೇನೆ.

ಈ ವರ್ಷ ಹುಡುಗರು ಹನ್ನೊಂದೇ ಜನ. ನಮ್ಮ ಉಗ್ರಾಣದ ಒಡತಿ ಮಿಸೆಸ್ ಟಪ್ಪರ್ ಇನ್ನೂ ಹಾಗೇ ಇದ್ದಾಳೆ, ನಾಲಿಗೆಯೂ ಹಾಗೇ ಇದೆ. ಅಂಗಳದ ಪೇರಳೆ ಮರ ಚೆನ್ನಾಗಿ ಹೂಬಿಟ್ಟಿತ್ತು. ಹೆಸ್ಟರ್‌ಗೆ ನನ್ನ ನಮಸ್ಕಾರ ತಿಳಿಸು.

ನಿನ್ನವನೇ
ಎಡ್ಮಂಡ್ ವೈಬ್ರೋ

*

ಟೊಟಾರಾ ಫ್ಲಾಟ್
೨೫ ಜುಲೈ ೧೮೮೧

ಪ್ರಿಯ ವೈಬ್ರೋ,

ನಿನ್ನ ಕಾಗದವನ್ನು ಹೆಸ್ಟರ್‌ಗೆ ಓದಿ ಹೇಳಿದೆ. ನನ್ನ ಹೆಂಡತಿಯಾಗಿ ಹದಿನಾರು ವರ್ಷವಾದ ಮೇಲೆ, ಆ ಬಾಗಿಲು ಬಿಗಿದವನು ನಾನಲ್ಲ ಅಂತ ಅವಳಿಗೆ ಮೊನ್ನೆಯಷ್ಟೇ ಗೊತ್ತಾಯಿತು. "ಅಂದ್ರೆ ಇಷ್ಟು ವರ್ಷ ನಂಗೂ ಸುಳ್ಳೇ ಹೇಳಿದ್ರಿ" ಅಂದಳು. ಆಮೇಲೆ, "ಅಕ್ಟೋಬರ್ ಯಾಕೆ? ನಿಜ ಹೇಳೋಕೂ ಮುಹೂರ್ತ ನೋಡ್ತಾರಾ ನಿಮ್ಮ ಸ್ನೇಹಿತ್ರು?" ಅಂದಳು. ಅವಳಿಗೆ ನೀನು ಗೊತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ನಾನಂತೂ ನಂಬಿದ್ದೇನೆ. ಆಡಳಿತದವರಿಗೆ ಡಿಗ್ರಿ ಬರುತ್ತಿದೆ ಅಂತ ಹೇಳಿಯೂಬಿಟ್ಟೆ. ಅವರ ಪೈಕಿ ಕಟುಕ ಮೆಕ್‌ಗ್ಲಾಷನ್ ಇದ್ದಾನೆ, ಅವನು ಕೇಳಿದ: "ಆಕ್ಸ್‌ಫರ್ಡಲ್ಲಿ ಯಾವ ಕಾಲೇಜು ಮೇಷ್ಟ್ರೇ?"

"ಕಾಲೇಜಲ್ಲ. ನಾನು ಆಲೇರಿಯನ್."

"ಅದ್ಯಾವ ಪಂಥ? ಬ್ಯಾಪ್ಟಿಸ್ಟರ ಪೈಕಿನಾ?"

ಹಾಲ್‌ನಲ್ಲಿ ಇದ್ದು ಓದಿದವರನ್ನು ಹಾಗನ್ನುತ್ತಾರೆ, ಕಾಲೇಜುಗಳು ಹುಟ್ಟುವ ಮುಂಚಿನ ಮಾತು ಅದು ಅಂತ ವಿವರಿಸಿದೆ. "ಇರ್ಲಿ ಬಿಡಿ, ಗುಣ ಆಗುತ್ತೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳಿ ಇಪ್ಪತ್ತು ವರ್ಷವಾಗಿತ್ತು.

ನಿನ್ನ
ಪೆನ್‌ರೀಸ್

*

ಟೊಟಾರಾ ಫ್ಲಾಟ್
೧೦ ಜನವರಿ ೧೮೮೨

ಪ್ರಿಯ ವೈಬ್ರೋ,

ಅಕ್ಟೋಬರ್ ಹೋಯಿತು. ಕ್ರಿಸ್‌ಮಸ್ಸಿನ ಕಾಗದವೂ ಬರಲಿಲ್ಲ, ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಹಡಗು ಬಂದಾಗಲೆಲ್ಲ ಅಂಚೆಮನೆಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದೇನೆ. ನಿನಗೆ ಮೈ ಸರಿಯಿಲ್ಲವೇ? ಅಥವಾ ಅವರಿಗೇ? ಒಂದು ಸಾಲು ಬರೆ.

ಪೆನ್‌ರೀಸ್

*

ಸೇಂಟ್ ಆಸಿತ್ ಹಾಲ್
೨೬ ಫೆಬ್ರವರಿ ೧೮೮೨

ನನ್ನ ಆತ್ಮೀಯ ಪೆನ್‌ರೀಸ್,

ಕೆಟ್ಟ ಸುದ್ದಿಗೆ ಕೈ ಮುಂದೆ ಬರಲಿಲ್ಲ, ಅದಕ್ಕೇ ತಡ. ನವೆಂಬರಿನಲ್ಲಿ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬಾಗಿಲು ಬಿಗಿದವನು ನಾನು, ನೀನು ನಿರಪರಾಧಿ ಅಂತ. ಅವರು, "ಆ ಹೆಸರನ್ನ ಈ ಮನೇಲಿ ಇನ್ನೊಂದ್ಸಲ ಎತ್ತಬೇಡ" ಅಂದರು. ಅಷ್ಟೇ. ಸಾವಿನ ವಿಷಯದಲ್ಲಿ ಮುದುಕರಿಗೆ ನ್ಯಾಯ ಅನ್ಯಾಯ ತಿಳಿಯುವುದಿಲ್ಲ. ನಾನು ಮಾಡಬೇಕಾದ್ದನ್ನು ಮಾಡಿದೆ. ಫಲ ನಮ್ಮ ಕೈಯಲ್ಲಿಲ್ಲ.

ನನ್ನ ಬದುಕೂ ಹೂವಿನ ಹಾಸಿಗೆಯಲ್ಲ. ಹಾಲ್ ಹೋದ ಮೇಲೆ ನನ್ನ ಗತಿ ಏನು ಅಂತ ಯಾರಿಗೂ ಚಿಂತೆಯಿಲ್ಲ. ಪಕ್ಕದ ಕಾಲೇಜಿನವರು ಮಾತ್ರ ಸಜ್ಜನರು, ಆಗಾಗ ತಮ್ಮ ದೊಡ್ಡ ಮೇಜಿಗೆ ಊಟಕ್ಕೆ ಕರೆಯುತ್ತಾರೆ. ಅವರದೂ ನಮ್ಮ ಹಾಗೇ ಏಳು ಗಂಟೆಗೆ, ಹಾಗಾಗಿ ಇಲ್ಲಿ ಹೆಸರು ಕರೆಯುವ ಕೆಲಸ ಹಿರಿಯ ಹುಡುಗನೊಬ್ಬನಿಗೆ ಒಪ್ಪಿಸಿ ಹೋಗಬೇಕಾಗುತ್ತದೆ. ಅಲ್ಲಿಯ ವೈನು ಬಹಳ ಚೆನ್ನಾಗಿದೆ.

ನಿನ್ನವನೇ
ಎಡ್ಮಂಡ್ ವೈಬ್ರೋ

*

ಟೊಟಾರಾ ಫ್ಲಾಟ್
೧೭ ಏಪ್ರಿಲ್ ೧೮೮೨

ಪ್ರಿಯ ವೈಬ್ರೋ,

ನೀನು ಹೇಳಿದೆಯಲ್ಲ, ಅದಕ್ಕೆ ನಾನು ಋಣಿ. ಅನುಮಾನ ಪಟ್ಟಿದ್ದೆ, ಮನ್ನಿಸು. ಹೆಸ್ಟರ್‌ಗೂ ಹೇಳಿದೆ, "ನೋಡು, ಕೊಟ್ಟ ಮಾತು ಉಳಿಸಿಕೊಂಡ." ಅವಳು, "ಬಾಗಿಲು ಬಿಗಿದೋರನ್ನ ಕೆಲಸದಲ್ಲಿ ಇಟ್ಕೊಂಡಿದಾರೆ, ಬಿಗಿಯದೇ ಇರೋರ ಹೆಸರು ಎತ್ತಬಾರದಾ? ಇದ್ಯಾವ ಸೀಮೆ ನ್ಯಾಯ?" ಅಂದಳು. ಬಹುಶಃ ಅವರಿಗೆ ಸಿಟ್ಟಿರುವುದು ಬಾಗಿಲಿಗಲ್ಲ, ಎದುರು ನಿಂತು ಸುಳ್ಳು ಹೇಳಿದ್ದಕ್ಕೆ. ಅದನ್ನು ಹೇಳಿದವನಂತೂ ನಾನೇ.

ಹಾಗಾದರೆ ಅದಕ್ಕೆ ನಾನೇ ಕ್ಷಮೆ ಕೇಳಬೇಕು. ಈ ಲಕೋಟೆಯಲ್ಲೇ ಅವರಿಗೊಂದು ಕಾಗದ ಇಟ್ಟಿದ್ದೇನೆ. ಅಂಟಿಸಿಲ್ಲ, ನೀನೂ ಓದು. ನೀನೇ ಕೈಯಾರೆ ಕೊಡು. ಅಕ್ಟೋಬರ್ ಒಳಗೆ ಅವರ ಮನಸ್ಸು ಕರಗಿದರೆ ಇನ್ನೂ ಹೊತ್ತು ಮೀರಿಲ್ಲ.

ಪೆನ್‌ರೀಸ್

*

ಸೇಂಟ್ ಆಸಿತ್ ಹಾಲ್
೮ ಜೂನ್ ೧೮೮೨

ಪ್ರಿಯ ಪೆನ್‌ರೀಸ್,

ನಿನ್ನ ಕಾಗದವನ್ನು ನಾನೇ ಕೊಟ್ಟೆ. ಕಿಟಕಿಯ ಹತ್ತಿರ ಕೂತು ಎರಡು ಸಲ ಓದಿದರು. ಮಡಿಸಿ ಮೇಜಿನ ಖಾನೆಯಲ್ಲಿಟ್ಟರು. ಇನ್ನು ಬಿಟ್ಟುಬಿಡು ಪೆನ್‌ರೀಸ್. ಕೆರೆದಷ್ಟೂ ಹುಣ್ಣು.

ಎ. ವೈಬ್ರೋ

*

ಟೊಟಾರಾ ಫ್ಲಾಟ್
೩ ನವೆಂಬರ್ ೧೮೮೨

ವೈಬ್ರೋ,

ಮೊನ್ನೆ ಸೋಮವಾರದಿಂದ ನಾನು ಮುಖ್ಯೋಪಾಧ್ಯಾಯನಲ್ಲ. ಇಪ್ಪತ್ತಾರು ವರ್ಷದ ಹುಡುಗನೊಬ್ಬ ಬಂದಿದ್ದಾನೆ, ಒಳ್ಳೆಯವನೇ, ನನ್ನನ್ನು "ಸರ್" ಅಂದುಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಶಾಲೆಯ ಮನೆಯನ್ನು ಅವನಿಗೆ ಬಿಟ್ಟುಕೊಟ್ಟೆವು. ನಾನೀಗ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುತ್ತೇನೆ. ಹೆಸ್ಟರ್ ನೆಟ್ಟ ಗುಲಾಬಿಗಳನ್ನು ಕಿತ್ತು ತರಲಾಗಲಿಲ್ಲ.

ಇದನ್ನು ಹೇಳಲು ಬರೆಯುತ್ತಿಲ್ಲ. ಕಳೆದ ವಾರ ಪಾದ್ರಿ ಸ್ಟೇವ್ಲಿ ಅನ್ನುವವನು ಡನೀಡಿನ್‌ಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಉಳಿದಿದ್ದ. ಅವನೂ ಆಲೇರಿಯನ್, ಈ ಮಾರ್ಚಿನವರೆಗೆ ಅಲ್ಲೇ ಇದ್ದವನು. ಕೈ ಹಿಡಿದುಕೊಂಡು ಹಾಲ್‌ನ ಸುದ್ದಿಯೆಲ್ಲ ಕೇಳಿದೆ. ಪೇರಳೆ ಮರ, ಸೂಪು, ಮಿಸೆಸ್ ಟಪ್ಪರ್. ಪ್ರಿನ್ಸಿಪಾಲರು ಹೇಗಿದ್ದಾರೆ ಅಂತ ಕೇಳಿದೆ.

"ಎದೆ ಗಟ್ಟಿಯಾಗಿದೆ. ಕಣ್ಣೇ ಪಾಪ. ಎರಡೂವರೆ ವರ್ಷ ಆಯ್ತಲ್ಲ ಪೂರ್ತಿ ಹೋಗಿ."

ಚಹಾದ ಬಟ್ಟಲು ನನ್ನ ಕೈಯಲ್ಲಿತ್ತು. ಕೆಳಗಿಟ್ಟೆ.

"ಕಾಗದ ಪತ್ರ?"

"ಎಲ್ಲಾ ವೈಬ್ರೋ ಅವ್ರೇ ಓದ್ತಾರೆ. ಸಹಿ ಮಾಡೋವಾಗ ಕೈ ಹಿಡಿದು ಜಾಗ ತೋರಿಸ್ತಾರೆ. ಮಗನ ಥರ ನೋಡ್ಕೋತಾರೆ ಬಿಡಿ."

ಕಿಟಕಿಯ ಹತ್ತಿರ ಕೂತು ಎರಡು ಸಲ ಓದಿದರು. ಎರಡು ಸಲ! ಒಂದು ಸಲ ಅಂತ ಬರೆದಿದ್ದರೂ ಸುಳ್ಳೇ ಆಗುತ್ತಿತ್ತು, ಆದರೆ ನಿನಗೆ ಅಷ್ಟು ಸಾಲದು. ಮೊದಲ ದರ್ಜೆಯವನಲ್ಲವೇ?

ಕಣ್ಣಿನ ಸುದ್ದಿಯನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ ಅಂತ ಈಗ ಗೊತ್ತಾಯಿತು. ಗೊತ್ತಿದ್ದಿದ್ದರೆ, ಪೆನ್ನು ನಿನ್ನ ಕೈಯಲ್ಲೇ ಇದೆಯಲ್ಲ, ನನ್ನ ಹೆಸರನ್ನು ನೀನೇ ಬರೆ ಅನ್ನುತ್ತಿದ್ದೆ. ನವೆಂಬರಿನಲ್ಲಿ ನೀನು ಯಾರ ಮುಂದೆಯೂ ನಿಂತಿಲ್ಲ. "ಆ ಹೆಸರನ್ನ ಎತ್ತಬೇಡ" ಅಂದವರು ಯಾರೂ ಇಲ್ಲ. ಅದು ನಿನ್ನದೇ ಮಾತು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರಿದ್ದಾರೆ. ನೀನು ಅವನ ದೋಣಿಗೂ ತೂತು ಕೊರೆದೆ.

ಇನ್ನು ಪ್ರಿನ್ಸಿಪಾಲರಿಗೆ ಬರೆದರೆ ನಿನ್ನ ಕೈಗೇ ಬರುತ್ತದೆ. ಅದಕ್ಕೆ ಮಿಸೆಸ್ ಟಪ್ಪರ್‌ಗೆ ಬರೆದಿದ್ದೇನೆ, ನಿನ್ನ ಅಷ್ಟೂ ಕಾಗದಗಳನ್ನು ನಕಲು ಮಾಡಿ ಜೊತೆಗಿಟ್ಟಿದ್ದೇನೆ. ಅವಳಿಗೆ ಓದು ಬರುತ್ತದೆ, ನಾಲಿಗೆಯೂ ಇದೆ. ಇದು ಬಂದ ಅಂಚೆಚೀಲದಲ್ಲೇ ಅವಳದೂ ಬಂದಿದೆ. ನೀನು ಈ ಸಾಲು ಓದುವ ಹೊತ್ತಿಗೆ ಅವಳು ಮೆಟ್ಟಿಲು ಹತ್ತುತ್ತಿರಬಹುದು.

ಪೆನ್‌ರೀಸ್

*

ಆಕ್ಸ್‌ಫರ್ಡ್
೧೪ ಜನವರಿ ೧೮೮೩

ಪೆನ್‌ರೀಸ್,

ಈ ಸಲ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಡಿಸೆಂಬರ್ ಇಪ್ಪತ್ತರಂದು ಮಧ್ಯಾಹ್ನ ಮಿಸೆಸ್ ಟಪ್ಪರ್ ನನ್ನ ಕೋಣೆಗೆ ಬಂದಳು. ಬಾಗಿಲು ತಟ್ಟಲಿಲ್ಲ. "ದೊಡ್ಡೋರು ಕರೀತಿದಾರೆ. ಓದಿ ಹೇಳಿದೀನಿ. ಎರಡು ಸಲ" ಅಂದಳು.

ಪ್ರಿನ್ಸಿಪಾಲರು ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ. ಮುಚ್ಚಳ ತೆಗೆದು ಒಂದೊಂದಾಗಿ ಹೊರಗಿಟ್ಟರು. ಎಂಟು ಹಿತ್ತಾಳೆ ತಿರುಪುಮೊಳೆ, ತಲೆಯ ಮೇಲೆ ಹೂವಿನ ಕೆತ್ತನೆ. ಆಮೇಲೆ ಜೇಬಿನಿಂದ ಒಂಬತ್ತನೆಯದನ್ನು ತೆಗೆದರು.

"ಮುಟ್ಟಿ ನೋಡಪ್ಪ. ವ್ಯತ್ಯಾಸ ಇದೆಯಾ?"

ಇರಲಿಲ್ಲ.

"ಇದು ನನ್ನ ತಮ್ಮನ ಪೆಟ್ಟಿಗೆದು. ಮುಚ್ಚಳ ಬಿಗಿಯೋವಾಗ ಒಂದು ಉಳೀತು, ಕೇಳಿ ಇಸ್ಕೊಂಡೆ. ಆಬಿಂಗ್ಡನ್ನಲ್ಲಿ ಶವದ ಪೆಟ್ಟಿಗೆ ಮಾಡೋರು ಯಾರಿದ್ರು ಆಗ? ನಿಮ್ಮಪ್ಪ ಒಬ್ರೇ. ಈ ಹೂವು ಹಾಕ್ತಿದ್ದೋರೂ ಅವ್ರೇ."

ನಿನ್ನನ್ನು ಕಳಿಸಿದ ನಾಲ್ಕನೇ ದಿನಕ್ಕೇ ಅವರಿಗೆ ಗೊತ್ತಾಗಿತ್ತು ಪೆನ್‌ರೀಸ್. ಅಷ್ಟೂ ವರ್ಷ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಟ್ಯೂಟರ್ ಮಾಡಿದರು, ವೈಸ್ ಪ್ರಿನ್ಸಿಪಾಲ್ ಮಾಡಿದರು, ದಿನಾ ಎದುರು ಕೂರಿಸಿಕೊಂಡು ಉಂಡರು. ಯಾಕೆ ಅಂತ ಕೇಳಿದೆ.

"ನೀನೇ ಬಂದು ಹೇಳ್ತೀಯ ಅಂತ. ಹತ್ತಿರ ಇಟ್ಕೊಂಡ್ರೆ ಬೇಗ ಹೇಳ್ತೀಯ ಅಂದ್ಕೊಂಡೆ. ಕಣ್ಣು ಹೋದಾಗಲೇ ನಾನು ಈ ಕುರ್ಚಿ ಬಿಡಬೇಕಿತ್ತು. ಬಿಟ್ರೆ ಹಾಲ್ ಹೋಗುತ್ತೆ, ಹಾಲ್ ಹೋದ್ರೆ ಆ ಹುಡುಗನ ಹೆಸರು ಬರೆಯೋಕೆ ಜಾಗ ಎಲ್ಲಿ? ಅದಕ್ಕೇ ಕೂತಿದೀನಿ, ಕಲ್ಲಿನ ಹಾಗೆ. ಪುಸ್ತಕ ತಗೊಂಡ್ಬಾ."

ಪುಸ್ತಕ ತಂದುಕೊಟ್ಟೆ. ಅವರ ಕೈ ಹಿಡಿದೆ. ಜೊಸಾಯ ಪೆನ್‌ರೀಸ್ ಅಂತ ದೊಡ್ಡದಾಗಿ, ಸೊಟ್ಟಗೆ ಬರೆದರು. ಬರೆದ ಮೇಲೆ ಅತ್ತರು. ಆ ಸಂಜೆಯೇ ಹೆಸರು ಕರೆಯಬೇಕು, ನಾನೇ ಕರೆಯಬೇಕು ಅಂದರು. ನಾನು ಹೋಗಲಿಲ್ಲ.

ಈಗ ಹೇಳಬೇಕಾದ್ದು ಇದು. ಆ ಪುಸ್ತಕಕ್ಕೆ ಅವತ್ತು ಬೆಲೆ ಇರಲಿಲ್ಲ. ಅಕ್ಟೋಬರಿನಲ್ಲಿ ಅವರಿಂದ ರಾಜೀನಾಮೆಗೆ ಸಹಿ ಮಾಡಿಸಿದ್ದೆ, ಉಗ್ರಾಣದ ಕಾಗದಗಳ ನಡುವೆ ಇಟ್ಟು, ಕೈ ಹಿಡಿದು ಜಾಗ ತೋರಿಸಿ. ಹಾಲ್ ಬೇಗ ಕೈಗೆ ಬಂದರೆ ನನಗೊಂದು ಫೆಲೋ ಸ್ಥಾನ, ಅವರ ದೊಡ್ಡ ಮೇಜಿನಲ್ಲಿ ಖಾಯಂ ಕುರ್ಚಿ ಅಂತ ಪಕ್ಕದ ಕಾಲೇಜು ಮಾತು ಕೊಟ್ಟಿತ್ತು. ಸಹಿ ಹೇಗೆ ಬಂತು ಅಂತ ಕಾಲೇಜಿನವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಡಿಸೆಂಬರ್ ಒಂದಕ್ಕೆ ಸೇಂಟ್ ಆಸಿತ್ ಹಾಲ್ ಮುಗಿಯಿತು. ನಿನ್ನ ಹೆಸರು ಬರೆದದ್ದು ಇಪ್ಪತ್ತಕ್ಕೆ. ಡಿಗ್ರಿ ಬರುವುದಿಲ್ಲ.

ಅವರಿಗೆ ಇದು ಗೊತ್ತಿಲ್ಲ. ಸಾಯುವವರೆಗೆ ಅವರು ತಮ್ಮ ಮನೆಯಲ್ಲೇ ಇರಬಹುದು ಅಂತ ಕಾಲೇಜು ಬಿಟ್ಟಿದೆ. ಹುಡುಗರೆಲ್ಲ ಆಚೆಗೆ ಹೋದರು. ಏಳು ಗಂಟೆಗೆ ಮಿಸೆಸ್ ಟಪ್ಪರ್ ಅವರನ್ನು ಖಾಲಿ ಊಟದ ಮನೆಗೆ ಕರೆತಂದು ಕೂರಿಸುತ್ತಾಳೆ, ತಾನೇ ಎರಡು ಮೂರು ಬೆಂಚು ಎಳೆದಾಡಿ ಸದ್ದು ಮಾಡುತ್ತಾಳೆ. "ಈ ವರ್ಷ ಹುಡುಗ್ರು ಸಂಭಾವಿತ್ರು, ಮಾತೇ ಆಡಲ್ಲ" ಅನ್ನುತ್ತಾರೆ ಅವರು. ನಾನು ರಜೆಯಲ್ಲಿದ್ದೇನೆ, ಅದಕ್ಕೇ ಹೆಸರು ಕರೆಯುವವರಿಲ್ಲ ಅಂತ ಅವಳು ಹೇಳಿದ್ದಾಳೆ. ನನಗಂದಳು: "ನಿಮ್ಮ ಫೆಲೋಗಿರಿ ಒಲೆಗೆ ಹಾಕ. ನಾನಂತೂ ಹೇಳಲ್ಲ, ಹೇಳಿದ್ರೆ ಇವತ್ತೇ ಹೋಗಿಬಿಡ್ತಾರೆ. ಆದ್ರೆ ಪೆನ್‌ರೀಸ್ ಅವ್ರು ಹೇಳು ಅಂದ್ರೆ ಹೇಳ್ತೀನಿ. ಅವ್ರನ್ನ ಕೇಳಿ."

ಕೇಳುತ್ತಿದ್ದೇನೆ. ಹೇಳಬೇಕೇ, ಬೇಡವೇ? ನೀನು ಹೇಳಿದ ಹಾಗೆ ಮಾಡುತ್ತೇನೆ.

ವೈಬ್ರೋ

*

ಟೊಟಾರಾ ಫ್ಲಾಟ್
೩ ಮಾರ್ಚ್ ೧೮೮೩

ವೈಬ್ರೋ,

ಇದು ನನ್ನ ಕೊನೆಯ ಕಾಗದ.

ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅವರ ಮೇಲೂ ಅಷ್ಟೇ ಇದೆ. ನಾಲ್ಕೇ ದಿನಕ್ಕೆ ಗೊತ್ತಾಗಿತ್ತಂತೆ. ನಾನಿನ್ನೂ ಲಿವರ್‌ಪೂಲಿನಲ್ಲಿ ಹಡಗಿಗೆ ಕಾಯುತ್ತಿದ್ದೆ, ಒಂದು ಚೀಟಿ ಸಾಕಿತ್ತು. ನಾನು ಬರೆದದ್ದನ್ನೂ ಒಡೆಯದೆ ವಾಪಸು ಕಳಿಸಿದರು. ನಿನ್ನ ಆತ್ಮ ಉದ್ಧಾರವಾಗಲಿ ಅಂತ ಕಾದರು, ಕಾಯಲಿ, ಆದರೆ ಅದಕ್ಕೆ ನನ್ನ ಬದುಕನ್ನು ಅಡವಿಟ್ಟರು. ನೀನು ಹೇಡಿ, ಅದು ಅರ್ಥವಾಗುತ್ತದೆ. ಅವರದ್ದು ಅರ್ಥವಾಗುವುದಿಲ್ಲ. ಹೆಸ್ಟರ್ ಅಂದಳು, "ಇಬ್ರೂ ಸೇರಿ ನಿಮ್ಮನ್ನ ಬಾಗಿಲ ಹೊರಗೆ ಬಿಗಿದ್ರು." ಅವಳಂದದ್ದು ಸರಿ.

ಆದರೂ ಹೇಳಬೇಡ.

ಇದನ್ನು ಕ್ಷಮೆ ಅಂದುಕೊಳ್ಳಬೇಡ. ಕುರುಡು ಮುದುಕರೊಬ್ಬರು ಅಳುತ್ತ ನನ್ನ ಹೆಸರು ಬರೆದಿದ್ದಾರೆ. ಅದು ನೀರಿನ ಮೇಲೆ ಬರೆದದ್ದು ಅಂತ ಅವರಿಗೆ ಯಾಕೆ ಗೊತ್ತಾಗಬೇಕು? ಸುಳ್ಳು ಹೇಳಿ ಒಬ್ಬರನ್ನು ಉಳಿಸುವುದು ನನಗೆ ಹೊಸದಲ್ಲ. ಹೋದ ಸಲ ಉಳಿಸಿದವನು ಯೋಗ್ಯನಾಗಿರಲಿಲ್ಲ, ಅಷ್ಟೇ.

ಆದರೆ ಈ ಸಲ ಸುಳ್ಳಿನ ಬೆಲೆ ತೆರುವವನು ನೀನು. ರಜೆ ಮುಗಿಸು. ದಿನಾ ಏಳು ಗಂಟೆಗೆ ನೀನು ಆ ಖಾಲಿ ಊಟದ ಮನೆಗೆ ಹೋಗಿ ಅವರೆದುರು ಹೆಸರು ಕರೆಯಬೇಕು, ಅಷ್ಟೂ ಹೆಸರು. ಪಕ್ಕದ ಕಾಲೇಜಿನ ಊಟವೂ ಏಳಕ್ಕೇ ಅಂತ ನೀನೇ ಬರೆದಿದ್ದೆ. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆಯೋ ಆ ಮೇಜಿನಲ್ಲಿ ಅವರಿರುವಷ್ಟು ದಿನ ನಿನ್ನ ಕುರ್ಚಿ ಖಾಲಿಯಿರಲಿ. ಒಂದು ಸಂಜೆ ತಪ್ಪಿದರೂ ಮಿಸೆಸ್ ಟಪ್ಪರ್ ನನಗೆ ಬರೆಯುತ್ತಾಳೆ. ಆಗ ಅವಳಿಗೆ ಹೇಳು ಅನ್ನುತ್ತೇನೆ, ಮೊದಲು ಅವರಿಗೆ, ಆಮೇಲೆ ನಿನ್ನ ಹೊಸ ಕಾಲೇಜಿಗೆ.

ನನ್ನ ಹೆಸರು ಬಂದಾಗ ನಿಲ್ಲು. ಬೆಂಚಿನಲ್ಲಿ ಪಕ್ಕದವನು ಹೇಳಬೇಕಾದ್ದನ್ನು ಎದ್ದು ನಿಂತು ಹೇಳು. ನೀನೇ ಕರೆಯಬೇಕು, ನೀನೇ ಉತ್ತರ ಕೊಡಬೇಕು. ಗಟ್ಟಿಯಾಗಿ ಹೇಳು, ಅವರಿಗೆ ಕೇಳಿಸಲಿ.

ಅವರು ಹೋದ ದಿನ ನನಗೆ ಬರೆಯಬೇಡ. ಮಿಸೆಸ್ ಟಪ್ಪರ್ ಬರೆಯುತ್ತಾಳೆ. ಆಮೇಲೆ ಯಾರಾದರೂ ನಿನ್ನನ್ನು ಪೆನ್‌ರೀಸ್ ಅನ್ನುವವನು ಯಾರು ಅಂತ ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗಿಲ್ಲ. ಅಷ್ಟು ಹೊತ್ತಿಗೆ ನಿನಗೆ ಅದು ಬಾಯಿಪಾಠ ಆಗಿರುತ್ತದೆ.

ಜೊಸಾಯ ಪೆನ್‌ರೀಸ್
ಆಲೇರಿಯನ್